ವೈಮಾನಿಕ ವೃತ್ತಿಯ ಮೊದಲ ಮೆಟ್ಟಿಲು

‘ವಿಮಾನ’ ಶಬ್ದದ ಮೂಲದಲ್ಲಿರುವುದು ‘ಮಾ’ ಧಾತು. ಅಳೆಯುವುದೆಂದು ಅದರ ಅರ್ಥ. ವಿಮಾನ ಚಾಲಕರ ವೃತ್ತಿಯೂ ಅಳತೆಯ ವೃತ್ತಿಯೇ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ತರುಣ ತರುಣಿಯರು ಈ ಮಾರ್ಗವನ್ನು ಅರಿತು ಹಿಡಿಯತಕ್ಕದ್ದು.

18 ವರ್ಷ ತುಂಬಿದವರು ವೈದ್ಯಕೀಯ ತಪಾಸಣೆಯಲ್ಲಿ ತೇರ್ಗಡೆಯಾಗಿ, ಬೆಂಗಳೂರಿನ ಜಕ್ಕೂರಿನಂತಹ ತರಬೇತಿ ಶಾಲೆಯಲ್ಲಿ 200 ಗಂಟೆಗಳ ಹಾರಾಟವನ್ನೂ ಪರೀಕ್ಷೆಗಳನ್ನೂ ಪೂರೈಸಿದರೆ ವಾಣಿಜ್ಯ ಪೈಲಟ್ ಪರವಾನಿಗೆ ದೊರೆಯುತ್ತದೆ. ಆದರೆ ಪರವಾನಿಗೆಯೇ ನೌಕರಿಯಲ್ಲ. ಅನೇಕ ಸಂಸ್ಥೆಗಳು ಹೆಚ್ಚಿನ ಅನುಭವವನ್ನು ಕೇಳುತ್ತವೆ; ನೌಕರಿಯಿಲ್ಲದೆ ಅನುಭವ ಬಾರದು. ದ್ರಾಕ್ಷಿ ತೋಟವನ್ನು ಒತ್ತೆಯಿಟ್ಟು ಮಕ್ಕಳನ್ನು ಕಲಿಸಿದ ಮನೆಗೆ ಈ ಕಾಲವೇ ಕಠಿಣವಾದುದು.

ಕೆಲವರು ಈ ತೊಡಕನ್ನು ದೂರದೇಶದಲ್ಲಿ ಬಿಡಿಸಿಕೊಳ್ಳುತ್ತಾರೆ. ಬೋಟ್ಸ್ವಾನದ ಮಾವೂನ್ ಪಟ್ಟಣದಿಂದ ಒಕವಾಂಗೊ ಜೌಗುನಾಡಿನ ಬಿಡಾರಗಳಿಗೆ ಸೆಸ್ನಾದಂತಹ ಕಿರುವಿಮಾನಗಳು ಪ್ರವಾಸಿಗರನ್ನು ಒಯ್ಯುತ್ತವೆ. ಮಣ್ಣಿನ ರನ್‌ವೇಯಲ್ಲಿ ವನ್ಯಮೃಗಗಳಿಲ್ಲವೆಂದು ನೋಡಿಕೊಂಡೇ ಇಳಿಯಬೇಕು. ಇಂಡೋನೇಷ್ಯಾದ ಪಪುವಾ ಪರ್ವತಗಳಲ್ಲಿ ರನ್‌ವೇಗಳೇ ಇಳಿಜಾರು. ಏರಿನ ಕಡೆಗೆ ಇಳಿದು, ಇಳಿಜಾರಿನ ಕಡೆಗೆ ಓಡಿ ಮೇಲೇರಬೇಕು. ನಮ್ಮ ಪರವಾನಿಗೆಗೆ ಆಯಾ ದೇಶದ ಮನ್ನಣೆಯನ್ನೂ ಕೆಲಸದ ಅನುಮತಿಯನ್ನೂ ಮುಂಚಿತವಾಗಿ ಪಡೆಯುವುದು ಅವಶ್ಯ.

ನಮ್ಮ ವೈಶಾಖದಂತಹ ಬಿಸಿಲಿನಲ್ಲಿ ಗಾಳಿ ತೆಳುವಾಗುತ್ತದೆ. ರೆಕ್ಕೆಯ ಬಲ ಕುಗ್ಗಿ, ಹೆಚ್ಚು ಉದ್ದದ ರನ್‌ವೇ ಬೇಕಾಗುತ್ತದೆ. ಆದುದರಿಂದ ಭಾರ, ಇಂಧನ, ಗಾಳಿಗಳನ್ನು ತಾವೇ ತೂಗಿ, ಸಂದೇಹ ಬಂದಾಗ ಹಾರಲಾರೆನೆನ್ನುವ ಧೈರ್ಯವೂ ಬೇಕು. ಅಳೆಯಬಲ್ಲವರೇ ವಿಮಾನಕ್ಕೆ ಅರ್ಹರು.