ವಿಆರ್ ಆಟಕ್ಕೆ ಮುನ್ನ

ಮುಂಬಯಿಯ ಮಾಲ್‌ಗಳಲ್ಲಿ ವಿಆರ್ ಹೆಡ್‌ಸೆಟ್ ಹಾಕಿ ಕಾರು, ವಿಮಾನ ಓಡಿಸುವ ಆಸೆಯೇ? ಅಪರೂಪಕ್ಕೊಮ್ಮೆ ಫಿಟ್ಸ್ ಬರುವವರಾದರೆ ಮೊದಲು ವಿಚಾರಿಸಿಕೊಳ್ಳಿ.

ಮೂರ್ಛೆರೋಗವಿರುವ ನೂರರಲ್ಲಿ ಸುಮಾರು 3 ಮಂದಿಗೆ ಮಾತ್ರ ಮಿನುಗುವ ಬೆಳಕು ಫಿಟ್ಸ್ ತರಿಸುತ್ತದೆ. 1997ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಕೆಂಪು-ನೀಲಿ ಮಿಂಚು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಟಿವಿಯಾದರೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಮುಖ ತಿರುಗಿಸಬಹುದು. ಹೆಡ್‌ಸೆಟ್‌ನಲ್ಲಿ ತಲೆ ತಿರುಗಿಸಿದತ್ತ ಪರದೆಯೂ ತಿರುಗುತ್ತದೆ!

ನೀವು ಆ ಮೂವರಲ್ಲಿ ಒಬ್ಬರೇ? ಇಇಜಿ ಪರೀಕ್ಷೆಯಲ್ಲಿ ಬೆಳಕು ಮಿನುಗಿಸಿ ನೋಡುತ್ತಾರೆ. ಪರೇಲ್‌ನ ಕೆಇಎಂನಂಥ ಆಸ್ಪತ್ರೆಯ ನರರೋಗ ವೈದ್ಯರನ್ನು ಕೇಳಿ. ಅವರು ಒಪ್ಪಿದರೂ ನಿದ್ದೆಗೆಟ್ಟ ದಿನ, ಮಾತ್ರೆ ತಪ್ಪಿದ ದಿನ ಆಟ ಬೇಡ. ಜೊತೆಗಾರರಿಂದ ವಿಷಯ ಮುಚ್ಚಿಡಬೇಡಿ. ಫಿಟ್ಸ್ ಬಂದರೆ ಅವರು ಹೆಡ್‌ಸೆಟ್ ತೆಗೆದು ಮಗ್ಗುಲಿಗೆ ಮಲಗಿಸಲಿ. ಈರುಳ್ಳಿ, ಚಪ್ಪಲಿ ಮೂಸಿಸುವುದು ಬೇಡ. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಲಿ.