ಮೇಲೆ ಹೊಳಪು, ಒಳಗೆ ಕೊಳೆ: ಹಳೇ ಫೈಬರ್ ದೋಣಿಯ ಕತೆ

ಫೈಬರ್ ದೋಣಿ ಕೊಳೆಯುವುದಿಲ್ಲ ಅಂತ ಕಡಲ ಬದಿಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಮರದ ದೋಣಿಗೆ ವರ್ಷ ವರ್ಷ ಗೇರೆಣ್ಣೆ ಬಳಿದು ಸಾಕಾಗಿದ್ದ ಹಿರಿಯರು ಫೈಬರ್ ಬಂದಾಗ ನೆಮ್ಮದಿಪಟ್ಟದ್ದು ಇದೇ ಕಾರಣಕ್ಕೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಗಾಜಿನ ನಾರು, ರೆಸಿನ್ ಎರಡೂ ಕೊಳೆಯುವುದಿಲ್ಲ. ಅವುಗಳ ಒಳಗೆ ಮುಚ್ಚಿಟ್ಟ ಮರ ಕೊಳೆಯುತ್ತದೆ.

ಹಳೆಯ ಫೈಬರ್ ದೋಣಿಗಳಲ್ಲಿ ಅನೇಕವು ಹೊರಗಿನಿಂದ ಮಾತ್ರ ಫೈಬರ್. ತಳದ ಒಳಭಾಗದಲ್ಲಿ ಮುಂದಿನಿಂದ ಹಿಂದಿನ ತನಕ ಎರಡೋ ನಾಲ್ಕೋ ಉದ್ದದ ತೊಲೆಗಳು ಓಡುತ್ತವೆ. ಇಂಗ್ಲಿಷ್ ಬಲ್ಲವರು ಇದನ್ನು ಸ್ಟ್ರಿಂಗರ್ ಅನ್ನುತ್ತಾರೆ. ನಾವು ಇಲ್ಲಿ ಉದ್ದತೊಲೆ ಅನ್ನೋಣ. ಮರದ ಅಥವಾ ಪ್ಲೈವುಡ್‌ನ ಪಟ್ಟಿಯನ್ನು ನಿಲ್ಲಿಸಿ ಅದರ ಮೇಲೆ ಫೈಬರ್ ಹೊದಿಸಿದರೆ ಉದ್ದತೊಲೆ ಆಯಿತು. ಅದರ ಮೇಲೆ ನಾವು ಕಾಲಿಡುವ ನೆಲಹಲಗೆ ಕೂರುತ್ತದೆ. ಅದೂ ಪ್ಲೈವುಡ್ಡೇ. ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆಯ ಒಳಗೂ ಹೆಚ್ಚಾಗಿ ಮರವೇ ಇರುತ್ತದೆ. ಎಲ್ಲಾ ದೋಣಿಯೂ ಹೀಗೆ ಅಂತಲ್ಲ. ಕೆಲವದರಲ್ಲಿ ಮರದ ಬದಲು ಫೋಮ್ ಇಟ್ಟಿರುತ್ತಾರೆ. ನಿಮ್ಮದರಲ್ಲಿ ಏನಿದೆ ಎಂಬುದು ಮೇಲಿನ ಪೇಂಟ್ ನೋಡಿದರೆ ಗೊತ್ತಾಗದು.

ಈ ತೊಲೆಗಳ ಕೆಲಸ ಏನು ಅಂತ ತಿಳಿಯಲು ಮಂಗಳೂರಿನ ಅಳಿವೆಯನ್ನೇ ನೋಡಿ. ನೇತ್ರಾವತಿ, ಫಲ್ಗುಣಿ ಎರಡೂ ನದಿ ಒಂದೇ ಬಾಯಿಯಲ್ಲಿ ಸಮುದ್ರ ಸೇರುವ ಜಾಗ. ಆಚೆ ಬೆಂಗರೆ, ಈಚೆ ಉಳ್ಳಾಲದ ಕೋಟೆಪುರ. ಮರಳ ದಿಬ್ಬದ ಮೇಲೆ ತೆರೆ ಒಡೆಯುವಾಗ ದೋಣಿಯ ಮೂತಿ ಮೇಲಕ್ಕೆದ್ದು ಧಡ್ ಅಂತ ಕೆಳಗೆ ಬಡಿಯುತ್ತದೆ. ಆ ಏಟನ್ನು ತೆಳುವಾದ ಚಿಪ್ಪು ಒಂದೇ ತಡೆದುಕೊಳ್ಳುವುದಿಲ್ಲ. ಉದ್ದತೊಲೆಗಳು ಅದನ್ನು ಉದ್ದಕ್ಕೂ ಹಂಚುತ್ತವೆ. ಎಂಜಿನ್ ತಳ್ಳುವ ಬಲವೂ ಅವುಗಳ ಮೂಲಕವೇ ದೋಣಿಗೆ ಹೋಗುತ್ತದೆ. ತೊಲೆ ಕೊಳೆತರೆ ತಳ ಪ್ರತಿ ತೆರೆಗೂ ಒಳಕ್ಕೂ ಹೊರಕ್ಕೂ ಬಾಗತೊಡಗುತ್ತದೆ. ಬಾಗಿ ಬಾಗಿ ಒಂದು ದಿನ ಬಿರುಕು ಬಿಡುತ್ತದೆ. ಆ ದಿನ ದೋಣಿ ದಕ್ಕೆಯಲ್ಲಿ ಕಟ್ಟಿಕೊಂಡಿರುವುದಿಲ್ಲ ಮಾರಾಯ್ರೇ, ಅದರಲ್ಲಿ ನಾಲ್ಕೈದು ಮನೆಯ ಗಂಡಸರು ಇರ್ತಾರೆ.

ಕೊಳೆತ ಶುರುವಾಗುವುದು ಸಣ್ಣ ತೂತಿನಿಂದ. ಕುರ್ಚಿ, ಕೊಕ್ಕೆ, ಬ್ಯಾಟರಿ ಪೆಟ್ಟಿಗೆ ಏನನ್ನೋ ಕೂರಿಸಲು ನೆಲಹಲಗೆಗೆ ಸ್ಕ್ರೂ ಹೊಡೆಯುತ್ತೇವೆ. ತೂತಿನ ಒಳಮೈಗೆ ಏನೂ ಹಚ್ಚುವುದಿಲ್ಲ. ಅಲ್ಲಿಂದ ನೀರು ಪ್ಲೈ ಒಳಗೆ ಇಳಿಯುತ್ತದೆ. ಮೇಲೂ ಕೆಳಗೂ ಫೈಬರ್ ಹೊದಿಕೆ ಇರುವುದರಿಂದ ಇಳಿದ ನೀರು ಆರಿ ಹೋಗಲು ದಾರಿ ಇಲ್ಲ. ಮರ ತಿನ್ನುವ ಶಿಲೀಂಧ್ರಕ್ಕೆ ಬೇಕಾದ್ದು ತೇವ, ಸ್ವಲ್ಪ ಗಾಳಿ, ಮರ, ಇಷ್ಟೇ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ಈ ವಿಚಾರದಲ್ಲಿ ಕಡಲ ಉಪ್ಪು ನೀರಿಗಿಂತ ಮಳೆ ನೀರು ಹೆಚ್ಚು ಅಪಾಯಕಾರಿ. ಉಪ್ಪು ಶಿಲೀಂಧ್ರವನ್ನು ಸ್ವಲ್ಪ ಹಿಡಿದಿಡುತ್ತದೆ. ದಡದಲ್ಲಿ ಎಳೆದಿಟ್ಟು ಟಾರ್ಪಾಲು ಹೊದಿಸದೆ ಬಿಟ್ಟ ದೋಣಿ, ದುಡಿಯುವ ದೋಣಿಗಿಂತ ಬೇಗ ಹಾಳಾಗುವುದು ಇದಕ್ಕೇ.

ಪತ್ತೆ ಮಾಡುವುದು ಕಷ್ಟವಿಲ್ಲ. ನೆಲದ ಮೇಲೆ ನಡೆಯುವಾಗ ಕಾಲಡಿ ಮೆತ್ತಗೆ ಅನ್ನಿಸಿದರೆ ಅಲ್ಲಿಗೆ ವಿಷಯ ಮುಗಿಯಿತು. ಅನ್ನಿಸದಿದ್ದರೂ ಸಣ್ಣ ಸುತ್ತಿಗೆಯ ಹಿಡಿಯಿಂದ ಅಡಿ ಅಡಿಗೆ ತಟ್ಟುತ್ತಾ ಹೋಗಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಸಂಶಯ ಇದ್ದ ಕಡೆ ಉದ್ದತೊಲೆಯ ಬದಿಗೆ, ತಳಕ್ಕೆ ಹತ್ತಿರವಾಗಿ, 6 ಮಿಲಿಮೀಟರ್ ಬಿಟ್‌ನಿಂದ ಒಂದು ತೂತು ಕೊರೆಯಿರಿ. ಹೊರಗೆ ಬರುವ ಪುಡಿ ಒಣಗಿದ್ದು ಬಿಳಿಚಾಗಿದ್ದರೆ ಸರಿ. ಕಪ್ಪಗೆ, ಒದ್ದೆಯಾಗಿ, ಹಳಸಲು ವಾಸನೆಯೊಂದಿಗೆ ಬಂದರೆ ಮರ ಹೋಗಿದೆ. ದೋಣಿ ಮೊದಲಿಗಿಂತ ನೀರಲ್ಲಿ ತಗ್ಗಿ ಕೂರುವುದು, ಅದೇ ದೂರಕ್ಕೆ ಸೀಮೆಎಣ್ಣೆಯೋ ಪೆಟ್ರೋಲೋ ಜಾಸ್ತಿ ಕುಡಿಯುವುದು ಕೂಡ ಲಕ್ಷಣವೇ. ನೆಲದಡಿಯ ಫೋಮ್ 100 ಲೀಟರ್ ನೀರು ಹೀರಿದರೆ 100 ಕಿಲೋ ಹೊರೆ ಪ್ರತಿದಿನ ಸುಮ್ಮನೆ ಹೊತ್ತಂತೆ.

ಸೆಕೆಂಡ್‌ಹ್ಯಾಂಡ್ ದೋಣಿ ಕೊಳ್ಳುವವರಂತೂ ಈ ತೂತಿನ ಪರೀಕ್ಷೆ ಮಾಡದೆ ಮುಂಗಡ ಕೊಡಬೇಡಿ. ಹೆಂಡತಿಯ ಬಳೆ ಒತ್ತೆಯಿಟ್ಟು, ಸಂಬಂಧಿಕರಿಂದ ಕೈಸಾಲ ಮಾಡಿ ದೋಣಿ ಕೊಳ್ಳುವ ಮನೆಗಳು ನಮ್ಮಲ್ಲಿವೆ. ಕೊಳೆತ ನೆಲದ ಮೇಲೆ ಒಂದು ಪದರ ಮ್ಯಾಟ್ ಎಳೆದು, ನೀಲಿ ಪೇಂಟ್ ಹೊಡೆದು ಮಾರುವುದು ಬಹಳ ಸುಲಭ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಅಡಿಯಲ್ಲಿ ಒದ್ದೆಯಿದ್ದದ್ದನ್ನು ಕಂಡ ಪ್ರವಾದಿ(ಸ)ಯವರು, ಒದ್ದೆಯದ್ದನ್ನು ಜನ ನೋಡುವಂತೆ ಮೇಲೆ ಯಾಕಿಡಲಿಲ್ಲ ಎಂದು ಮಾರುವವನನ್ನು ಕೇಳಿದ ಘಟನೆ ಎಲ್ಲರಿಗೂ ಗೊತ್ತಿದೆ. ದೋಣಿಯ ನೆಲಕ್ಕೂ ಅದೇ ಹುಕುಂ. ದೋಷ ಗೊತ್ತಿದ್ದವನು ಹೇಳಿಯೇ ಮಾರಬೇಕು.

ಇನ್ನು ರಿಪೇರಿ. ಕೆಲವರು ಕೊಳೆತ ಮರಕ್ಕೆ ಸಾಲಾಗಿ ತೂತು ಕೊರೆದು ರೆಸಿನ್ ಸುರಿದು ಬಿಡುತ್ತಾರೆ. ಖರ್ಚು ಕಡಿಮೆ, ಎರಡು ದಿನದ ಕೆಲಸ. ಒದ್ದೆ ಮರದೊಳಗೆ ರೆಸಿನ್ ಇಳಿಯುವುದೇ ಇಲ್ಲ, ಇಳಿದಷ್ಟೂ ಕೊಳೆತದ್ದಕ್ಕೆ ಬಲ ಬರುವುದಿಲ್ಲ. ಅದು ಹಣ ನೀರಿಗೆ ಹಾಕಿದ ಲೆಕ್ಕ. ಕೊಳೆತ ಮರ ಹೊರಗೆ ಬರಲೇಬೇಕು, ಅದರ ಆಚೆಗೆ ಒಂದಡಿಯಷ್ಟು ಒಳ್ಳೆ ಮರ ಕಾಣುವ ತನಕ.

ನೆಲ ಕತ್ತರಿಸುವ ಮೊದಲು ದೋಣಿಯನ್ನು ಸಮತಟ್ಟಾಗಿ, ಹಲವು ಕಡೆ ಆಧಾರ ಕೊಟ್ಟು ಕೂರಿಸಬೇಕು. ಇದನ್ನು ಅವಸರದಲ್ಲಿ ಮಾಡಬಾರದು. ಎಲುಬು ತೆಗೆದ ಮೇಲೆ ಚಿಪ್ಪು ಮೆತ್ತಗಾಗುತ್ತದೆ. ಎರಡೇ ಮರದ ದಿಮ್ಮಿಯ ಮೇಲೆ ಇಟ್ಟಿದ್ದರೆ ನಡುವೆ ಜೋತು ಬೀಳುತ್ತದೆ. ಹಾಗೆ ಜೋತ ಆಕಾರದಲ್ಲೇ ಹೊಸ ತೊಲೆ ಕೂರಿಸಿದರೆ ಆ ಡೊಂಕು ಶಾಶ್ವತ. ಆಮೇಲೆ ದೋಣಿ ನೇರ ಓಡುವುದೇ ಇಲ್ಲ. ತೊಲೆಗಳನ್ನು ಒಟ್ಟಿಗೆ ಕಿತ್ತು ಹಾಕದೆ ಒಂದನ್ನು ತೆಗೆದು ಅದನ್ನು ಹೊಸದಾಗಿ ಕೂರಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕುವುದು ಕ್ಷೇಮ. ಕೀಳುವ ಮೊದಲು ಎತ್ತರ, ಅಗಲ, ಬದಿಯಿಂದ ಇರುವ ದೂರ ಎಲ್ಲವನ್ನೂ ಅಳತೆ ತೆಗೆದು ಬರೆದಿಡಿ, ಮೊಬೈಲಲ್ಲಿ ಫೋಟೋ ಹೊಡೆದಿಡಿ. ಎತ್ತರದ ವಿಷಯದಲ್ಲಿ ಜಿಪುಣತನ ಬೇಡ. ತೊಲೆಯ ಎತ್ತರ ಅರ್ಧ ಆದರೆ ಅದರ ಬಿಗಿ ಅರ್ಧ ಅಲ್ಲ, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಪ್ಲೈವುಡ್ ಕೊಳ್ಳುವಾಗ ಮೇಲೆ ಐಎಸ್ 710 ಗುರುತು ನೋಡಿ. ಅದು ಮರೈನ್ ಪ್ಲೈ. ಅಂಟು ಬಿಡುತ್ತದೋ ಎಂದು 72 ಗಂಟೆ ಕುದಿಸಿ ನೋಡುವ ಪರೀಕ್ಷೆ ಅದಕ್ಕಿದೆ. ಅಡುಗೆ ಮನೆಯ ಕಪಾಟಿಗೆ ಬಳಸುವ ಪ್ಲೈ ಇಲ್ಲಿ ನಡೆಯದು. ಹೊಸ ತೊಲೆಯ ಅಂಚನ್ನು ಚಿಪ್ಪಿಗೆ ನೇರ ತಾಗಿಸಿ ಒತ್ತಬಾರದು. ತಾಗಿದ ಗೆರೆಯಲ್ಲಿ ತಳ ಮುರಿಯುತ್ತದೆ. ನಾಲ್ಕೈದು ಮಿಲಿಮೀಟರ್ ಸಂದು ಬಿಟ್ಟು, ಅದರಲ್ಲಿ ಗಟ್ಟಿಯಾಗಿ ಕಲಸಿದ ರೆಸಿನ್ ಪುಟ್ಟಿ ತುಂಬಿ ಕೂರಿಸಿ, ಎರಡೂ ಬದಿಯ ಮೂಲೆಯನ್ನು ಬೆರಳಿನಿಂದಲೋ ಚಮಚದ ಬೆನ್ನಿನಿಂದಲೋ ದುಂಡಗೆ ಮಾಡಬೇಕು. ಚೂಪಾದ ಮೂಲೆಯಲ್ಲಿ ಮ್ಯಾಟ್ ಅಂಟಿಕೊಳ್ಳದೆ ಗಾಳಿ ಉಳಿಯುತ್ತದೆ.

ಹಳೆ ಫೈಬರಿಗೆ ಹೊಸ ಫೈಬರ್ ಹಿಡಿಯುವುದು ಉಜ್ಜಿದ ಜಾಗದಲ್ಲಿ ಮಾತ್ರ. ಗ್ರೈಂಡರ್‌ನಿಂದ ತೊಲೆಯ ಎರಡೂ ಬದಿಗೆ ಆರಿಂಚು ಅಗಲ ಪೇಂಟ್, ಎಣ್ಣೆ, ಹೊಳಪು ಎಲ್ಲಾ ಹೋಗಿ ಗಾಜಿನ ನಾರು ಕಾಣುವಷ್ಟು ಉಜ್ಜಿ, ಅಸಿಟೋನ್‌ನಿಂದ ಒರೆಸಬೇಕು. ಮೊದಲ ಪದರ ಮ್ಯಾಟ್, ಮೇಲೆ ನೇಯ್ದ ರೋವಿಂಗ್, ಮತ್ತೆ ಮ್ಯಾಟ್. ಒಂದೊಂದು ಪದರವೂ ಹಿಂದಿನದಕ್ಕಿಂತ ಸ್ವಲ್ಪ ಅಗಲ. ಪಾಲಿಯೆಸ್ಟರ್ ರೆಸಿನ್ ಅಗ್ಗ, ಎಪಾಕ್ಸಿ ದುಬಾರಿ. ಆದರೆ ಹಳೆಯದಕ್ಕೆ, ಅದರಲ್ಲೂ ಮರಕ್ಕೆ, ಎಪಾಕ್ಸಿ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ಎಲ್ಲದಕ್ಕೂ ಕೈಗೆಟುಕದಿದ್ದರೆ ತೊಲೆ ಮತ್ತು ಎಂಜಿನ್ ಗೋಡೆಗಾದರೂ ಎಪಾಕ್ಸಿ ಹಾಕಿಸಿ. ಆದರೆ ಒಂದು ಕಡೆ ಎಪಾಕ್ಸಿ ಹಾಕಿದ ಮೇಲೆ ಅದರ ಮೇಲೆ ಪಾಲಿಯೆಸ್ಟರ್ ಎಳೆಯಬೇಡಿ, ಸರಿಯಾಗಿ ಹಿಡಿಯುವುದಿಲ್ಲ.

ನೆಲಹಲಗೆಯ ಮೇಲ್ಮೈಗೆ ಮಾತ್ರ ರೆಸಿನ್ ಬಳಿದು ಕೂರಿಸುವುದೇ ಸಾಮಾನ್ಯವಾಗಿ ನಡೆಯುವ ತಪ್ಪು. ಕೆಳಮೈ, ನಾಲ್ಕೂ ಅಂಚು, ಎಲ್ಲದಕ್ಕೂ ಬಳಿದು ಒಣಗಿದ ಮೇಲೆಯೇ ಕೂರಿಸಬೇಕು. ಪ್ಲೈ ನೀರು ಕುಡಿಯುವುದು ಅಂಚಿನಿಂದ. ನೀರು ಹಿಂದಕ್ಕೆ ಹರಿದು ಹೋಗಲು ತೊಲೆಯ ಅಡಿಯಲ್ಲಿ ಬಿಡುವ ಕಂಡಿಗಳ ಒಳಮೈಗೂ ಹೀಗೇ. ಸ್ಕ್ರೂ ಬೇಕಾದ ಕಡೆ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿದರೆ ಮರಕ್ಕೆ ನೀರು ತಾಗುವ ಪ್ರಶ್ನೆಯೇ ಇಲ್ಲ.

ರೆಸಿನ್ ಗಟ್ಟಿಯಾಗಿಸುವ ಹಾರ್ಡನರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಪಾಲಿಯೆಸ್ಟರ್‌ಗೆ ಕಿಲೋಗೆ 10ರಿಂದ 20 ಗ್ರಾಂ ಸಾಕು. ಕಣ್ಣಂದಾಜಲ್ಲಿ ಸುರಿಯುವುದು ಬೇಡ, ಸಣ್ಣ ತಕ್ಕಡಿ ಇಟ್ಟುಕೊಳ್ಳಿ. ಆಕ್ಸಿಲರೇಟರ್ ಎನ್ನುವ ನೇರಳೆ ಬಣ್ಣದ ಕೋಬಾಲ್ಟ್ ದ್ರವವನ್ನು ಹಾರ್ಡನರ್ ಜೊತೆ ನೇರವಾಗಿ ಯಾವತ್ತೂ ಬೆರೆಸಬಾರದು, ಬೆಂಕಿ ಹತ್ತಿ ಸಿಡಿಯುತ್ತದೆ. ಒಂದನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು. ಅಂಗಡಿಯಲ್ಲೇ ಕೋಬಾಲ್ಟ್ ಹಾಕಿದ ರೆಸಿನ್ ಸಿಗುವುದೂ ಇದೆ, ಕೇಳಿ ತಿಳಿದುಕೊಳ್ಳಿ. ಹಾರ್ಡನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ತಕ್ಷಣ ಕಾಲು ಗಂಟೆ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಓಡಬೇಕು. ಕನ್ನಡಕ, ಕೈಗವಸು, ಒಳ್ಳೆ ಮಾಸ್ಕ್ ಇಲ್ಲದೆ ಹುಡುಗರನ್ನು ಈ ಕೆಲಸಕ್ಕೆ ಇಳಿಸಬೇಡಿ. ಮುಖಕ್ಕೆ ಟವೆಲ್ ಕಟ್ಟಿದರೆ ಗಾಜಿನ ಧೂಳು ನಿಲ್ಲುವುದಿಲ್ಲ. ಮನೆಯ ಹೆಂಗಸರು ಗಮನಿಸಬೇಕಾದ್ದು: ಗ್ರೈಂಡಿಂಗ್ ಮಾಡಿದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ನಾರಿನ ಚೂರುಗಳು ಅದಕ್ಕೂ ಹತ್ತಿ ಮಗುವಿನ ಮೈಯೆಲ್ಲಾ ತುರಿಕೆ ಆಗುತ್ತದೆ.

ಸಮಯದ ಲೆಕ್ಕವೂ ಬೇಕು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ, ಹಾಗಾಗಿ ಅವರು ರಿಪೇರಿಯನ್ನು ಮಳೆಗಾಲಕ್ಕೇ ಇಟ್ಟುಕೊಳ್ಳುತ್ತಾರೆ. 10 ಅಶ್ವಶಕ್ತಿವರೆಗಿನ ಎಂಜಿನ್‌ನ ನಾಡದೋಣಿಗೆ ಆ ನಿಷೇಧ ಇಲ್ಲ. ಅದರ ದುಡಿಮೆಯ ಕಾಲವೇ ಮಳೆಗಾಲ. ಆದ್ದರಿಂದ ನಾಡದೋಣಿಯವರು ಫೆಬ್ರವರಿಯಿಂದ ಮೇ ಮೊದಲ ವಾರದೊಳಗೆ ಕೆಲಸ ಮುಗಿಸುವುದು ಒಳ್ಳೆಯದು. ನೆಲ ಬಿಚ್ಚಿದ ಮೇಲೆ ತಳ ಪೂರ್ತಿ ಒಣಗಲು ವಾರಗಟ್ಟಲೆ ಬಿಸಿಲು ಬೇಕು. ಮಳೆಯಲ್ಲಿ ಅದು ಒಣಗುವುದೇ ಇಲ್ಲ, ತೇವದ ಮೇಲೆ ಹಾಕಿದ ಫೈಬರ್ ಸಿಪ್ಪೆಯಂತೆ ಏಳುತ್ತದೆ. ಏಪ್ರಿಲ್‌ನ ಮಧ್ಯಾಹ್ನವೂ ಬೇಡ. ಆ ಸೆಕೆಗೆ ಡಬ್ಬದಲ್ಲೇ ರೆಸಿನ್ ಗಟ್ಟಿಯಾಗಿ ಹೊಗೆ ಏಳುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹತ್ತು ಗಂಟೆಯೊಳಗೆ, ಸಣ್ಣ ಸಣ್ಣ ಪ್ರಮಾಣದಲ್ಲಿ ಕಲಸಿ.

ಕೆಲಸ ಮುಗಿದ ದಿನವೇ ಬಲೆ ಹೇರಿಕೊಂಡು ಅಳಿವೆ ದಾಟಬೇಡಿ. ಒಂದು ವಾರ ಹಾಗೇ ಬಿಟ್ಟು, ಮೊದಲು ಹೊಳೆಯೊಳಗೆ ಓಡಿಸಿ, ಎಂಜಿನ್ ಗೋಡೆಯ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಮಿಸ್ತ್ರಿಯ ಹತ್ತಿರ ಹೇಳಿ ನೆಲಹಲಗೆಯಲ್ಲಿ ಕೈ ತೂರುವಷ್ಟು ಅಗಲದ, ತಿರುಗಿಸಿ ತೆಗೆಯುವ ಮುಚ್ಚಳ ಎರಡು ಕಡೆ ಇಡಿಸಿಕೊಳ್ಳಿ. ದೋಣಿ ದಡಕ್ಕೆ ಎಳೆದಾಗಲೆಲ್ಲಾ ಅದನ್ನು ತೆರೆದಿಟ್ಟರೆ ಒಳಗೆ ಗಾಳಿ ಆಡುತ್ತದೆ, ತೊಲೆಯ ಬುಡ ಒದ್ದೆಯೋ ಒಣವೋ ಅಂತ ಕೈಯಿಟ್ಟೇ ನೋಡಬಹುದು.