ಮುದಿ ಬೆಕ್ಕಿಗೆ ಚಿಕಿತ್ಸೆ: ಎಲ್ಲಿಯವರೆಗೆ?

ಮನೆಯೊಳಗೇ ಬೆಳೆದ ಬೆಕ್ಕು ಹದಿನಾಲ್ಕು, ಹದಿನೈದು ವರ್ಷ ಬದುಕುವುದು ಈಗ ಅಪರೂಪವಲ್ಲ. ಇಪ್ಪತ್ತು ಮುಟ್ಟಿದವೂ ಇವೆ. ಅಟ್ಟ, ಹಿತ್ತಲು, ಬೀದಿ ಎಂದು ತಿರುಗಾಡಿಕೊಂಡಿದ್ದ ಬೆಕ್ಕು ನಾಯಿಗೋ ವಾಹನಕ್ಕೋ ಸೋಂಕಿಗೋ ಸಿಕ್ಕಿ ಮುಪ್ಪು ಕಾಣುವ ಮೊದಲೇ ಹೋಗುತ್ತಿತ್ತು. ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಬಾಗಿಲು ಹಾಕಿದ ಫ್ಲಾಟು ಸೇರಿ ಅದರ ಆಯಸ್ಸನ್ನು ಹಿಗ್ಗಿಸಿವೆ. ಆಯಸ್ಸಿನ ಬೆನ್ನಿಗೇ ಮುಪ್ಪಿನ ಕಾಯಿಲೆಗಳೂ ಬಂದವು. ಹಾಗಾಗಿ ಪಶುವೈದ್ಯರ ಬಳಿ ಬರುವ ಮನೆಯವರು ‘ಏನು ಕಾಯಿಲೆ’ ಎಂಬುದರ ಜೊತೆಗೆ ‘ಎಲ್ಲಿಯವರೆಗೆ ಚಿಕಿತ್ಸೆ ಮಾಡಿಸುವುದು’ ಎಂದೂ ಕೇಳತೊಡಗಿದ್ದಾರೆ.

ವಯಸ್ಸು ಕಾಯಿಲೆಯಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ‘ಮುದಿಯಾಯ್ತಲ್ಲ, ಇನ್ನೇನು’ ಎಂದು ಕೈಬಿಟ್ಟ ಬೆಕ್ಕುಗಳಲ್ಲಿ ಎಷ್ಟೋ ಸಣ್ಣ ಚಿಕಿತ್ಸೆಯಿಂದಲೇ ಚೇತರಿಸಿಕೊಳ್ಳಬಲ್ಲವು. ಸಿಕ್ಕಿದ್ದೆಲ್ಲ ತಿಂದರೂ ಸೊರಗುತ್ತ, ರಾತ್ರಿಯೆಲ್ಲ ಕೂಗುವ ಬೆಕ್ಕಿನಲ್ಲಿ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿರಬಹುದು. ದಿನನಿತ್ಯದ ಮಾತ್ರೆಯಿಂದ ಅದು ಹತೋಟಿಗೆ ಬರುತ್ತದೆ. ಇದ್ದಕ್ಕಿದ್ದಂತೆ ಕಣ್ಣು ಕಾಣದಾಗಿ ಗೋಡೆಗೆ ಹಾಯುವ ಮುದಿ ಬೆಕ್ಕಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ರಕ್ತದೊತ್ತಡವನ್ನು. ಅದಕ್ಕೆ ಕೊಡುವ ಆಮ್ಲೋಡಿಪಿನ್ ಮನುಷ್ಯರ ಬಿಪಿ ಮಾತ್ರೆಯೇ, ವೈದ್ಯರು ಹೇಳಿದಷ್ಟು ಸಣ್ಣ ಚೂರು ಸಾಕಾಗುತ್ತದೆ. ತಟ್ಟೆಯ ಹತ್ತಿರ ಬಂದು, ಮೂಸಿ, ಹಿಂದೆ ಸರಿಯುವ ಬೆಕ್ಕಿಗೆ ಹಸಿವಿಲ್ಲವೆಂದು ತೀರ್ಮಾನಿಸುವ ಮೊದಲು ಬಾಯಿ ತೆರೆದು ನೋಡಬೇಕು. ಕೊಳೆತ ಹಲ್ಲು ಕೀಳಿಸಿದ ಮೇಲೆ ಚೆನ್ನಾಗಿ ತಿನ್ನುವ ಬೆಕ್ಕುಗಳು ಬಹಳ. ಕಪಾಟಿನ ಮೇಲೆ ಹಾರುವುದನ್ನು ಬಿಟ್ಟ ಬೆಕ್ಕು ಸೋಮಾರಿಯಾಗಿದೆ ಎನ್ನಬೇಡಿ, ಅದಕ್ಕೆ ಕೀಲುನೋವಿರಬಹುದು. ಹನ್ನೆರಡು ದಾಟಿದ ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿದ ಒಂದು ಅಧ್ಯಯನದಲ್ಲಿ ಶೇ. 90ರಷ್ಟರಲ್ಲಿ ಕೀಲು ಸವೆದಿತ್ತು. ಆದ್ದರಿಂದ ರಕ್ತ, ಮೂತ್ರ, ಥೈರಾಯ್ಡ್, ಬಿಪಿ ಈ ನಾಲ್ಕು ಪರೀಕ್ಷೆ ಆಗದೆ ‘ಎಲ್ಲಿಯವರೆಗೆ’ ಎಂಬ ಮಾತೆತ್ತುವುದು ಅವಸರ.

ಆ ಮಾತು ನಿಜಕ್ಕೂ ಎದುರಾಗುವುದು ಹೆಚ್ಚಾಗಿ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಯಲ್ಲಿ. ಹತ್ತು ವರ್ಷ ದಾಟಿದ ಮೂರು ಬೆಕ್ಕುಗಳಲ್ಲಿ ಒಂದಕ್ಕಾದರೂ ಇದು ಇರುತ್ತದೆಂದು ಅಂದಾಜು. ಕಿಡ್ನಿಗಳ ಸಾಮರ್ಥ್ಯ ಮುಕ್ಕಾಲು ಪಾಲು ಹೋಗುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಶ ಗಮನಾರ್ಹವಾಗಿ ಏರದೆ ಇರಬಹುದು. ಮನೆಯವರಿಗೆ ಕಾಣುವುದು ಬೆಕ್ಕು ಪದೇ ಪದೇ ನೀರು ಕುಡಿಯುವುದು, ಮರಳಿನ ಟ್ರೇ ಬೇಗ ತೋಯುವುದು, ಬೆನ್ನುಮೂಳೆ ಕೈಗೆ ತಾಗುವುದು ಇಷ್ಟೇ. ಕಳೆದುಹೋದ ಕಿಡ್ನಿ ಮರಳಿ ಬರುವುದಿಲ್ಲ. ಚಿಕಿತ್ಸೆಯ ಗುರಿ ಉಳಿದದ್ದನ್ನು ಕಾಪಾಡುವುದು ಮತ್ತು ರಕ್ತದಲ್ಲಿ ಉಳಿಯುವ ಕಲ್ಮಶದಿಂದಾಗುವ ವಾಕರಿಕೆ, ನಿಶ್ಶಕ್ತಿಗಳನ್ನು ತಗ್ಗಿಸುವುದು.

ವೈದ್ಯರು ಈ ಕಾಯಿಲೆಯನ್ನು ಕ್ರಿಯಾಟಿನಿನ್ ಆಧಾರದಲ್ಲಿ ನಾಲ್ಕು ಹಂತವಾಗಿ ವಿಂಗಡಿಸುತ್ತಾರೆ. ಒಂದು ಡೆಸಿಲೀಟರ್ ರಕ್ತದಲ್ಲಿ 1.6ರಿಂದ 2.8 ಮಿಲಿಗ್ರಾಂ ಇದ್ದರೆ ಎರಡನೇ ಹಂತ, 2.9ರಿಂದ 5 ಇದ್ದರೆ ಮೂರನೆಯದು, 5 ಮೀರಿದರೆ ನಾಲ್ಕನೆಯದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಎರಡನೇ ಹಂತದ ಕೊನೆಯಲ್ಲಿ ಕಾಯಿಲೆ ಪತ್ತೆಯಾದ ಬೆಕ್ಕುಗಳಲ್ಲಿ ಅರ್ಧದಷ್ಟು ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಬದುಕಿದವು. ಮೂರನೆಯದರಲ್ಲಿ ಆ ಅವಧಿ ಎರಡು ವರ್ಷದಷ್ಟಿತ್ತು, ನಾಲ್ಕನೆಯದರಲ್ಲಿ ಮೂರು ತಿಂಗಳಿಗೆ ಇಳಿದಿತ್ತು. ಎರಡನೇ ಹಂತದಲ್ಲಿ ಚಿಕಿತ್ಸೆ ಬೇಡವೆನ್ನುವುದು ಆತುರದ ಮಾತು ಎಂಬುದು ಇದರಿಂದ ಸ್ಪಷ್ಟ. ಆದರೆ ಒಂದೇ ಹಂತದೊಳಗೆ ಕೆಲವು ದಿನಗಳಲ್ಲಿ ಹೋದವೂ ವರ್ಷಗಟ್ಟಲೆ ಬದುಕಿದವೂ ಇದ್ದವು, ಹಾಗಾಗಿ ಈ ಅಂಕಿಗಳು ನಿಮ್ಮ ಮನೆಯ ಬೆಕ್ಕಿನ ಜಾತಕವಲ್ಲ.

ಮೊದಲ ದಿನದ ವರದಿಯನ್ನಂತೂ ನಂಬಿ ಕೂರಬಾರದು. ನಾಲ್ಕು ದಿನ ಊಟ ಬಿಟ್ಟು, ಮೈಯ ನೀರು ಬತ್ತಿದ ಬೆಕ್ಕಿನಲ್ಲಿ ಕ್ರಿಯಾಟಿನಿನ್ ಎಂಟು, ಹತ್ತಕ್ಕೆ ಜಿಗಿದಿರಬಹುದು. ಅದರಲ್ಲಿ ಹಳೆಯ ಕಾಯಿಲೆಯ ಪಾಲೆಷ್ಟು, ಕಿಡ್ನಿಯ ಸೋಂಕು ಅಥವಾ ಮೂತ್ರನಾಳದ ಕಲ್ಲಿನಿಂದ ಈಗಷ್ಟೇ ಆದದ್ದೆಷ್ಟು ಎಂಬುದು ಎರಡು ಮೂರು ದಿನ ಡ್ರಿಪ್ ಹಾಕಿ ಮತ್ತೆ ಪರೀಕ್ಷಿಸಿದ ಮೇಲೆಯೇ ಗೊತ್ತಾಗುವುದು. ನಾಲ್ಕನೇ ಹಂತವೆಂದು ಬಂದ ಬೆಕ್ಕು ಮೂರನೆಯದಕ್ಕೆ, ಕೆಲವೊಮ್ಮೆ ಎರಡನೆಯದಕ್ಕೆ ಇಳಿದು ಮನೆಗೆ ಮರಳುವುದುಂಟು. ಡ್ರಿಪ್ ಹಾಕಿಯೂ ಅಂಕಿ ಇಳಿಯದೆ, ಬೆಕ್ಕು ತಲೆ ಎತ್ತದೆ ಇದ್ದರೆ ಅದೂ ಒಂದು ಉತ್ತರವೇ.

ಮನೆಯಲ್ಲಿ ನಡೆಯುವ ಚಿಕಿತ್ಸೆ ಹೊರನೋಟಕ್ಕೆ ಸರಳ. ರಂಜಕ ಕಡಿಮೆಯಿರುವ ಕಿಡ್ನಿ ಆಹಾರ ಮೊದಲನೆಯದು. ಆಯಸ್ಸು ನೀಳವಾಗುತ್ತದೆಂದು ಅಧ್ಯಯನಗಳಲ್ಲಿ ಕಂಡುಬಂದಿರುವ ಚಿಕಿತ್ಸೆಯಿದು. ಆದರೆ ಅದನ್ನು ಬೆಕ್ಕು ತಿನ್ನಬೇಕಲ್ಲ! ಹಾಲನ್ನ, ಮೀನಿಗೆ ಒಗ್ಗಿದ ಮುದಿ ಬೆಕ್ಕಿನ ಮುಂದೆ ಹೊಸ ಪೊಟ್ಟಣ ಸುರಿದು ‘ಹಸಿವಾದರೆ ತಿನ್ನುತ್ತೆ’ ಎಂದು ಕಾಯುವುದು ಅಪಾಯಕಾರಿ. ಕೆಲವೇ ದಿನ ಉಪವಾಸವಿದ್ದರೂ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಅದೇ ಪ್ರಾಣಕ್ಕೆ ಎರವಾಗಬಹುದು. ಒಳ್ಳೆಯ ಆಹಾರವನ್ನು ತಿನ್ನದೆ ಇರುವುದಕ್ಕಿಂತ ಅಷ್ಟೇನೂ ಒಳ್ಳೆಯದಲ್ಲದ್ದನ್ನು ತಿನ್ನುವುದೇ ಮೇಲು ಎಂದು ಅನುಭವಿ ವೈದ್ಯರು ಹೇಳುವುದು ಇದಕ್ಕೇ. ಎರಡನೆಯದು ಚರ್ಮದಡಿಗೆ ಕೊಡುವ ದ್ರವ. ರಿಂಗರ್ ಲ್ಯಾಕ್ಟೇಟ್ ಬಾಟಲಿಯಿಂದ ನೂರು, ನೂರೈವತ್ತು ಮಿಲಿಲೀಟರನ್ನು ಹೆಗಲ ಹಿಂದಿನ ಸಡಿಲ ಚರ್ಮದಡಿ ದಿನವೋ ದಿನ ಬಿಟ್ಟು ದಿನವೋ ಏರಿಸುವುದನ್ನು ಮನೆಯವರು ವೈದ್ಯರ ಬಳಿ ಕಲಿಯಬಹುದು. ವಾಕರಿಕೆ ತಡೆಯುವ, ಹಸಿವು ಹುಟ್ಟಿಸುವ, ಬಿಪಿ ಇಳಿಸುವ ಮಾತ್ರೆಗಳು ಅಗತ್ಯ ನೋಡಿ ಸೇರಿಕೊಳ್ಳುತ್ತವೆ.

ತೂಗಿ ನೋಡಬೇಕಾದ ಜಾಗ ಇದು. ಮನುಷ್ಯ ರೋಗಿ ಮುಂದಿನ ವರ್ಷದ ಮಗಳ ಮದುವೆ ನೆನೆದು ಇಂದಿನ ಸೂಜಿಯನ್ನು ಸಹಿಸುತ್ತಾನೆ. ಬೆಕ್ಕಿಗೆ ಆ ಲೆಕ್ಕವಿಲ್ಲ, ಅದಕ್ಕೆ ಗೊತ್ತಿರುವುದು ಈ ಹೊತ್ತು ಮಾತ್ರ. ಇಂದು ಪಟ್ಟ ಕಷ್ಟದ ಫಲ ಈ ವಾರದೊಳಗೇ ಅದರ ಊಟ, ನಿದ್ದೆ, ಓಡಾಟದಲ್ಲಿ ಕಾಣಿಸದಿದ್ದರೆ ಆ ಕಷ್ಟಕ್ಕೆ ಅದರ ಪಾಲಿಗೆ ಅರ್ಥವಿಲ್ಲ. ಸೂಜಿ ಚುಚ್ಚಿದಾಗ ತೊಡೆಯ ಮೇಲೆ ಕೂತು, ಆಮೇಲೆ ಎದ್ದು ತಟ್ಟೆಯತ್ತ ಹೋಗುವ ಬೆಕ್ಕಿಗೆ ದ್ರವ ಕೊಡುವುದನ್ನು ವರ್ಷಗಟ್ಟಲೆ ಮುಂದುವರಿಸಬಹುದು. ಅದೇ ಬಾಟಲಿ ಕಂಡೊಡನೆ ಮಂಚದಡಿ ಸೇರಿ, ಮನೆಯವರ ಹೆಜ್ಜೆ ಸದ್ದಿಗೇ ನಡುಗುವ ಬೆಕ್ಕಿಗೆ ಅದೇ ಚಿಕಿತ್ಸೆ ಕಾಯಿಲೆಗಿಂತ ಹೆಚ್ಚಿನ ಹಿಂಸೆ. ಸಿರಿಂಜಿನಲ್ಲಿ ಬಾಯಿಗೆ ಒತ್ತಿ ತಿನ್ನಿಸುವುದಕ್ಕೂ ಈ ಮಾತು ಸಲ್ಲುತ್ತದೆ: ವಾಕರಿಕೆಯಿರುವಾಗ ಬಲವಂತ ಮಾಡಿದರೆ ಬೆಕ್ಕು ಆ ಆಹಾರವನ್ನೇ ದ್ವೇಷಿಸತೊಡಗಬಹುದು.

ಕಾಯಿಲೆ ಬೇರೆಯಾದರೆ ತಕ್ಕಡಿಯೂ ಬೇರೆ. ಕರುಳಿನ ಲಿಂಫೋಮಾ ಎಂಬ ಕ್ಯಾನ್ಸರ್ ಮುದಿ ಬೆಕ್ಕುಗಳಲ್ಲಿ ಸಾಮಾನ್ಯ. ಅದರಲ್ಲಿ ಸಣ್ಣ ಜೀವಕೋಶದ ಬಗೆಯಾದರೆ ಮನೆಯಲ್ಲೇ ನುಂಗಿಸುವ ಎರಡು ಬಗೆಯ ಮಾತ್ರೆಗಳಲ್ಲಿ ಎಷ್ಟೋ ಬೆಕ್ಕುಗಳು ಎರಡು ವರ್ಷ, ಅದಕ್ಕೂ ಮೀರಿ ಚೆನ್ನಾಗಿರುತ್ತವೆ. ದೊಡ್ಡ ಜೀವಕೋಶದ ಬಗೆಗೆ ತಿಂಗಳುಗಟ್ಟಲೆ ಆಸ್ಪತ್ರೆಯ ಕೀಮೋಥೆರಪಿ ಬೇಕು, ಗೆಲುವೂ ಬಹುತೇಕ ತಿಂಗಳುಗಳ ಲೆಕ್ಕದ್ದು. ಬೆಕ್ಕುಗಳು ಕೀಮೋವನ್ನು ಮನುಷ್ಯರಿಗಿಂತ ಹಗುರಾಗಿ ತಡೆದುಕೊಳ್ಳುತ್ತವೆ, ಸಾಮಾನ್ಯವಾಗಿ ಮೈಕೂದಲು ಉದುರದೆ ಮೀಸೆ ಮಾತ್ರ ಉದುರುತ್ತದೆ. ‘ಕ್ಯಾನ್ಸರ್’ ಎಂಬೊಂದು ಹೆಸರು ಕೇಳಿ ಎದ್ದು ಬಂದರೆ ಯಾವ ಬಗೆ ಎಂಬುದು ಗೊತ್ತಾಗದೇ ಉಳಿಯುತ್ತದೆ.

ವೈದ್ಯಕೀಯಕ್ಕೆ ಸಾಧ್ಯವಿರುವುದೆಲ್ಲ ಮಾಡಲೇಬೇಕಾದದ್ದಲ್ಲ. ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ ಬೆಕ್ಕುಗಳಿಗೆ ಕಿಡ್ನಿ ಕಸಿ ನಡೆದಿದೆ. ಕಿಡ್ನಿ ಕೊಟ್ಟ ಬೆಕ್ಕನ್ನು ರೋಗಿಯ ಮನೆಯವರೇ ಸಾಕಿಕೊಳ್ಳಬೇಕೆಂಬ ಷರತ್ತೂ ಅಲ್ಲಿದೆ. ಕಿಡ್ನಿ ಪಡೆದ ಬೆಕ್ಕು ಬದುಕಿರುವಷ್ಟು ದಿನವೂ ಮಾತ್ರೆ ತಿನ್ನಬೇಕು. ತನ್ನ ಒಂದು ಕಿಡ್ನಿ ಕಳೆದುಕೊಳ್ಳಲು ಒಪ್ಪಿಗೆಯನ್ನೇ ಕೊಡಲಾರದ ಆರೋಗ್ಯವಂತ ಬೆಕ್ಕಿನ ಕಡೆಯಿಂದ ನೋಡಿದರೆ ಈ ಸಾಧನೆ ಅಷ್ಟೇನೂ ಮೆಚ್ಚುವಂಥದ್ದಲ್ಲ.

ಬೆಕ್ಕು ನೋವನ್ನು ಬಚ್ಚಿಡುವುದರಿಂದ ಅದರ ಸ್ಥಿತಿ ಅಳೆಯುವುದು ಕಷ್ಟ. ಗುರುಗುಟ್ಟುತ್ತಿದೆ ಎಂದರೆ ಸುಖವಾಗಿದೆ ಎಂದಲ್ಲ, ನೋವಿನಲ್ಲೂ ಅದು ಗುರುಗುಟ್ಟುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಗುರುತಿಸುವ ಮಾಪನವೊಂದನ್ನು ಪ್ರಕಟಿಸಿತು. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿ ಈ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬಂದರೆ ನೋವಿಗೆ ಔಷಧ ಬೇಕೆಂದು ಅರ್ಥ. ಕಿವಿ ಚಪ್ಪಟೆಯಾಗಿ ಹೊರಕ್ಕೆ ತಿರುಗಿದ್ದರೆ, ಕಣ್ಣು ಕಿರಿದಾಗಿದ್ದರೆ, ತಲೆ ಹೆಗಲಿಗಿಂತ ಕೆಳಗೆ ಜೋತಿದ್ದರೆ ಆ ಬೆಕ್ಕು ‘ಸುಮ್ಮನೆ ಮಲಗಿರುವುದಲ್ಲ’. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೋಸ್ ರೂಪಿಸಿದ ಇನ್ನೊಂದು ಪಟ್ಟಿ ಬದುಕಿನ ಗುಣಮಟ್ಟ ಅಳೆಯುತ್ತದೆ. ನೋವು, ಹಸಿವು, ಮೈಯ ನೀರಿನಂಶ, ಶುಚಿತ್ವ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯವು ಹೆಚ್ಚೇ ಎಂಬ ಏಳಕ್ಕೆ ತಲಾ ಹತ್ತು ಅಂಕ. 35 ಮೀರಿದರೆ ಆರೈಕೆ ಮುಂದುವರಿಸಬಹುದೆಂಬ ಸೂಚನೆ. ಇಷ್ಟು ಶಿಸ್ತು ಬೇಡವೆನಿಸಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು, ಕೆಟ್ಟದ್ದಕ್ಕೊಂದು ಗುರುತು ಹಾಕಿದರೂ ನಡೆದೀತು. ದಿನಾ ನೋಡುವ ಕಣ್ಣಿಗೆ ಇಳಿತ ಕಾಣುವುದಿಲ್ಲ, ಹಾಳೆಯಲ್ಲಿ ಕಾಣುತ್ತದೆ.

ಹೊಸ ಚಿಕಿತ್ಸೆಯನ್ನು ಗಡುವಿಟ್ಟು ಶುರುಮಾಡುವುದು ಒಳ್ಳೆಯದು. ಹತ್ತು ದಿನ ನೋಡೋಣ, ಅಷ್ಟರಲ್ಲಿ ತಾನಾಗಿ ತಿನ್ನಬೇಕು, ಮೈ ನೆಕ್ಕಿಕೊಳ್ಳಬೇಕು, ಟ್ರೇಗೆ ನಡೆದು ಹೋಗಬೇಕು ಎಂದು ಮೊದಲೇ ಒಪ್ಪಿಕೊಂಡರೆ ನಿಲ್ಲಿಸುವ ಹೊತ್ತಿಗೆ ಮನೆಯೊಳಗೆ ಜಗಳವಾಗುವುದಿಲ್ಲ. ಹಣದ ಮಾತನ್ನೂ ಆಗಲೇ ಆಡಬೇಕು. ಖರ್ಚಿಗೆ ಮಿತಿ ಇಡುವುದು ಪ್ರೀತಿ ಕಡಿಮೆಯಾದ ಲಕ್ಷಣವಲ್ಲ. ಬಜೆಟ್ ಇಷ್ಟೇ ಎಂದು ಹೇಳಿದರೆ ಹೆಚ್ಚು ಉಪಯೋಗವಿರುವ ಪರೀಕ್ಷೆ, ಔಷಧಗಳನ್ನೇ ವೈದ್ಯರು ಆರಿಸಬಲ್ಲರು. ಮನೆಮದ್ದಿನಲ್ಲಿ ಮಾತ್ರ ಎಚ್ಚರ ಬೇಕು. ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುತ್ತದೆ, ಒಂದೇ ಮಾತ್ರೆ ಸಾಕು.

‘ಬೆಕ್ಕು ಮನೆಯಲ್ಲಿ ಸಾಯುವುದಿಲ್ಲ, ಎಲ್ಲೋ ಹೋಗಿಬಿಡುತ್ತದೆ’ ಎಂಬ ಮಾತು ಹಳ್ಳಿಗಳಲ್ಲಿದೆ. ಅಶಕ್ತ ಬೆಕ್ಕು ಅಡಗಿಕೊಳ್ಳುವುದನ್ನು ಕಂಡು ಹುಟ್ಟಿದ ಮಾತದು, ಆ ಮೂಲೆಯಲ್ಲಿ ನಡೆಯುವುದನ್ನು ಯಾರೂ ನೋಡಿರುವುದಿಲ್ಲ. ಕಿಡ್ನಿ ಪೂರ್ತಿ ನಿಂತ ಬೆಕ್ಕಿನ ಸಹಜ ಸಾವು ನಿದ್ದೆಯಂತಿರುವುದಿಲ್ಲ. ವಾಂತಿ, ಬಾಯಿಹುಣ್ಣು, ಕೊನೆಕೊನೆಗೆ ಫಿಟ್ಸ್ ಬಂದು ದಿನಗಟ್ಟಲೆ ಎಳೆಯಬಹುದು. ದಯಾಮರಣಕ್ಕೆ ಮನಸ್ಸೊಪ್ಪದ ಮನೆಗಳು ನೋವು, ವಾಕರಿಕೆಗಾದರೂ ವೈದ್ಯರಿಂದ ಕೊನೆಯವರೆಗೆ ಔಷಧ ಕೊಡಿಸಬೇಕು. ಒಪ್ಪುವವರಿಗೆ ಕ್ರಮ ಹೀಗಿದೆ: ಮೊದಲು ಮಂಪರಿನ ಇಂಜೆಕ್ಷನ್, ಬೆಕ್ಕು ಪೂರ್ತಿ ನಿದ್ದೆಹೋದ ಮೇಲೆ ಅರಿವಳಿಕೆ ಔಷಧದ ಮಿತಿಮೀರಿದ ಪ್ರಮಾಣ. ಕೆಲವೇ ನಿಮಿಷಗಳಲ್ಲಿ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರುತ್ತದೆ, ಮೂತ್ರ ಹೋಗಬಹುದು. ಇದನ್ನು ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. ಮಂಪರು ಕೊಡದೆ ನೇರ ಇಂಜೆಕ್ಷನ್‌ಗೆ ಹೊರಟರೆ ಬೇಡವೆನ್ನುವ ಹಕ್ಕು ಮನೆಯವರಿಗಿದೆ. ಜೀವಂತ ಇಡುವುದೇ ಕ್ರೌರ್ಯವಾಗುವಂಥ ಸ್ಥಿತಿ ಇರಬಹುದೆಂಬುದನ್ನು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಒಪ್ಪುತ್ತದೆ.

ಇದನ್ನೆಲ್ಲ ಯೋಚಿಸಲು ತಕ್ಕ ಸಮಯ ಬೆಕ್ಕು ಇನ್ನೂ ತಟ್ಟೆ ಖಾಲಿ ಮಾಡುತ್ತಿರುವಾಗಲೇ. ಹತ್ತು ದಾಟಿದ ಬೆಕ್ಕನ್ನು ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ, ತೂಕ ಬರೆದಿಡಿ, ಮತ್ತು ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮನೆಯವರೆಲ್ಲ ಕೂತು ಒಮ್ಮೆ ಮಾತಾಡಿಕೊಳ್ಳಿ.